ರೀಫ್ ಶಾರ್ಕೋ, ಟೈಗರ್ ಶಾರ್ಕೋ?
ತುಮಕೂರಿನ ಬಾವಿಯಲ್ಲಿ ಈಜು, ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಈಗ ಶಾರ್ಕ್ ನೋಡಲು ಮಾಲ್ಡೀವ್ಸ್‌ಗೆ ಹೊರಟಿದ್ದರೆ, ತಿಮಿಂಗಿಲ ಶಾರ್ಕ್‌ನಿಂದ ಶುರುಮಾಡಿ. ಅದು ತಿನ್ನುವುದು ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳು. ಭಯ ಹಲ್ಲಿನದಲ್ಲ, ಬಾಲದ ಹೊಡೆತದ್ದು. ಮೈಯಿಂದ 3, ಬಾಲದಿಂದ 4 ಮೀಟರ್ ದೂರವಿರಿ.

ಗ್ರೇ ರೀಫ್ ಶಾರ್ಕ್ ಚಿಕ್ಕದು, ಸುಮಾರು 2 ಮೀಟರ್, ಆದರೆ ಸಿಡುಕು. ಬೆನ್ನು ಬಾಗಿಸಿ, ಎದೆರೆಕ್ಕೆ ಇಳಿಸಿ, ಅಂಕುಡೊಂಕಾಗಿ ಈಜಿದರೆ ಅದು ಎಚ್ಚರಿಕೆ. ಫೋಟೊ ಆಸೆ ಬಿಟ್ಟು, ಅದಕ್ಕೆ ತಪ್ಪಿಸಿಕೊಳ್ಳಲು ದಾರಿ ಕೊಟ್ಟು, ಮೆಲ್ಲಗೆ ಹಿಂದೆ ಸರಿಯಿರಿ.

ಮಾಲ್ಡೀವ್ಸ್ ದ್ವೀಪ ಫುವಾಮುಲಾದ ಟೈಗರ್ ಶಾರ್ಕ್ ಲೆಕ್ಕವೇ ಬೇರೆ. 4 ಮೀಟರ್ ಮೀರಬಲ್ಲ ಇದು ನಿಧಾನಕ್ಕೆ ಸುತ್ತಿ ಹಿಂದಿನಿಂದ ಬರುತ್ತದೆ. ಗೈಡ್ ಪಕ್ಕ ನೆಟ್ಟಗಿದ್ದು, ಅದರತ್ತಲೇ ಮುಖ ಮಾಡಿ. ಕೈ ಬೀಸಬೇಡಿ, ಗಾಬರಿಯಿಂದ ಮೇಲಕ್ಕೆ ಧಾವಿಸಬೇಡಿ. ನೀರಲ್ಲಿ ಒಂದೇ ಮಟ್ಟದಲ್ಲಿ ನಿಲ್ಲಲು ಬಾರದವರಿಗೆ ಇದು ಖಂಡಿತ ಬೇಡ.

ಹಲವು ಡೈವ್ ಮಾಡಿದ್ದರೆ, ಕೊನೆಯ ಡೈವ್ ನಂತರ ದೇವನಹಳ್ಳಿಗೆ ಮರಳುವ ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಬಿಡಿ.