ಪುಡಿಯಿಂದ ಮೂಡಿದ ಕೋರ್ ಇನ್‌ಸರ್ಟ್: ಲೋಹದ ತ್ರೀಡಿ ಪ್ರಿಂಟಿಂಗ್ ಸೇವೆಯೊಂದರ ವಿಮರ್ಶೆ

ಪೀಣ್ಯದಲ್ಲಿರುವ ನಮ್ಮ ಸಣ್ಣ ಘಟಕದಲ್ಲಿ ಪ್ಲಾಸ್ಟಿಕ್ ಮುಚ್ಚಳಗಳನ್ನು ತಯಾರಿಸುತ್ತೇವೆ. ಅದರ ಮೌಲ್ಡಿಗೆ (ಅಚ್ಚಿಗೆ) ಬೇಕಾದ ಕೋರ್ ಇನ್‌ಸರ್ಟನ್ನು, ಅಂದರೆ ಮುಚ್ಚಳದ ಒಳಮೈಗೆ ಆಕಾರ ಕೊಡುವ ಉಕ್ಕಿನ ತುಂಡನ್ನು, ಈ ಬಾರಿ ಅಚ್ಚು ಮಾಡುವ ಟೂಲ್ ರೂಮಿಗೆ ಕೊಡದೆ, ಲೋಹದ ತ್ರೀಡಿ ಪ್ರಿಂಟಿಂಗ್ ಸೇವೆಯೊಂದರಿಂದ ಮಾಡಿಸಿದೆವು. ಅದಕ್ಕೆ ಕಾರಣ ಅಚ್ಚನ್ನು ತಣಿಸುವ ನೀರಿನ ದಾರಿ. ಡ್ರಿಲ್ ನೇರವಾಗಿ ಮಾತ್ರ ಕೊರೆಯಬಲ್ಲದಾದ್ದರಿಂದ, ಹಳೆಯ ಇನ್‌ಸರ್ಟಿನಲ್ಲಿ ತಣ್ಣೀರು ಮುಚ್ಚಳದ ದುಂಡಂಚಿನ ಬಳಿಗೆ ಸುಳಿಯುತ್ತಲೇ ಇರಲಿಲ್ಲ. ಅಲ್ಲಿ ಬಿಸಿ ಉಳಿದು ಮಾಲು ಡೊಂಕಾಗುತ್ತಿತ್ತು. ಪ್ರಿಂಟಿಂಗಿನಲ್ಲಾದರೋ, ಮರೇಜಿಂಗ್ ಎಂಬ ಬಲು ಗಟ್ಟಿಯಾದ ಉಕ್ಕಿನ ಪುಡಿಯನ್ನು ಲೇಸರ್ ಕೂದಲೆಳೆಗಿಂತ ತೆಳುವಾದ ಪದರಗಳಲ್ಲಿ ಕರಗಿಸಿ ಬೆಸೆಯುತ್ತಾ ಹೋಗುವುದರಿಂದ, ಕಾಲುವೆಯನ್ನು ಅಂಚಿನ ಬಾಗಿಗೆ ತಕ್ಕಂತೆ ಸುತ್ತಿಸಬಹುದು.

ಮೊದಲು ಬಂದ ಇನ್‌ಸರ್ಟ್ ಮಾತ್ರ ನಿರಾಶೆಯನ್ನೇ ತಂದಿತು. ಒಂದು ಬಾಯಿಂದ ಒತ್ತಡದಲ್ಲಿ ಬಿಟ್ಟ ನೀರು ಇನ್ನೊಂದು ಬಾಯಲ್ಲಿ ತೊಟ್ಟಿಕ್ಕುತ್ತಿತ್ತು. ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ವೈರ್ ಕಟ್‌ನಲ್ಲಿ ಸೀಳಿಸಿ ನೋಡಿದಾಗ, ಕಾಲುವೆಯ ತಿರುವಿನಲ್ಲಿ ಬೂದುಬಣ್ಣದ ಪುಡಿ ಸೀಮೆಸುಣ್ಣದಂತೆ ಗಟ್ಟಿಯಾಗಿ ಕುಳಿತಿತ್ತು. ಉಗುರಿನಿಂದ ಕೆರೆದರೆ ಉದುರುತ್ತಿದ್ದ ಅದು ಗಾಳಿಯ ಒತ್ತಡಕ್ಕೆ ಜಗ್ಗಿರಲಿಲ್ಲ. ಒಳಗಿನ ಪುಡಿಯನ್ನು ಪೂರ್ತಿ ತೆಗೆಯುವ ಮೊದಲೇ ಉಕ್ಕನ್ನು ಕಾಯಿಸಿ ಗಟ್ಟಿಗೊಳಿಸುವ ಶಾಖೋಪಚಾರಕ್ಕೆ ಕುಲುಮೆಗೆ ಇಟ್ಟದ್ದೇ ತಪ್ಪು. ಅದನ್ನು ಪ್ರಿಂಟಿಂಗ್ ಸೇವೆಯವರು ವಾದಕ್ಕಿಳಿಯದೆ ಒಪ್ಪಿಕೊಂಡು, ತಮ್ಮದೇ ಖರ್ಚಿನಲ್ಲಿ ಹೊಸದನ್ನು ಮಾಡಿಕೊಟ್ಟರು ಎಂಬುದನ್ನು ಮರೆಯದೆ ಹೇಳಬೇಕು. ಎರಡನೆಯದನ್ನು ಹಾಕಿದ ಮೇಲೆ ನಮ್ಮ ಸೈಕಲ್ ಟೈಮ್, ಅಂದರೆ ಮೌಲ್ಡಿನ ಒಂದು ಸುತ್ತು ಮುಗಿಯುವ ಸಮಯ, 38 ಸೆಕೆಂಡಿನಿಂದ 29ಕ್ಕೆ ಇಳಿದಿದೆ, ಅಂಚು ನೆಟ್ಟಗಿದೆ.

ಪ್ರಿಂಟರಿನಿಂದ ಬಂದದ್ದನ್ನು ಹಾಗೆಯೇ ಜೋಡಿಸಬಹುದೆಂದು ಮಾತ್ರ ಯಾರೂ ಭಾವಿಸಬಾರದು. ಮೈ ಮರಳು ಕಾಗದದಷ್ಟು ಒರಟಾಗಿರುತ್ತದೆ. ಪ್ರಿಂಟ್ ಮಾಡುವಾಗಲೇ ಅರ್ಧ ಮಿಲಿಮೀಟರ್ ಲೋಹ ಹೆಚ್ಚಾಗಿ ಉಳಿಸಿಕೊಂಡು, ಗ್ರೈಂಡಿಂಗ್, ಪಾಲಿಶ್, ನೀರಿನ ನಿಪ್ಪಲ್‌ಗೆ ಟ್ಯಾಪಿಂಗ್ ಎಲ್ಲವನ್ನೂ ಹಳೆಯ ಯಂತ್ರಗಳಲ್ಲೇ ಮಾಡಿಸಬೇಕಾಯಿತು. ಒಟ್ಟು ಖರ್ಚು ಮಾಮೂಲಿ ಇನ್‌ಸರ್ಟಿನ ಮೂರು ಪಟ್ಟು ಮೀರಿತು.

ಆದರೂ ಈ ವಿಧಾನದ ಬಲವನ್ನು ಬೆಲೆಯೊಂದರಿಂದಲೇ ಅಳೆಯುವುದು ಸರಿಯಲ್ಲ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಪಿಎಸ್4 ಎಂಜಿನನ್ನು ಇಸ್ರೋ ಇದೇ ರೀತಿ ಮುದ್ರಣಕ್ಕೆ ತಕ್ಕಂತೆ ಮರುವಿನ್ಯಾಸಗೊಳಿಸಿ, 2024ರ ಮೇ 9ರಂದು 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. 14 ಬಿಡಿಭಾಗಗಳು ಒಂದೇ ಆದವು, 19 ಬೆಸುಗೆಗಳು ಇಲ್ಲವಾದವು. ಒಂದು ಎಂಜಿನಿಗೆ 565 ಕೆ.ಜಿ. ಲೋಹ ಬೇಕಿದ್ದಲ್ಲಿ 13.7 ಕೆ.ಜಿ. ಪುಡಿ ಸಾಕಾಯಿತು. ಬೆಸುಗೆಯೇ ಇಲ್ಲದ ಕಡೆ ಬೆಸುಗೆ ಬಿರಿಯುವ ಭಯವೂ ಇಲ್ಲ. ಆದರೆ ಲೇತ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ತಿರುಗಿಸಿ ತೆಗೆಯಬಹುದಾದ ಗೈಡ್ ಬುಷ್‌ಗಾಗಲಿ, ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರವಾದ ವಿಎಂಸಿಯಲ್ಲಿ ಮುಗಿಯುವ ಚಪ್ಪಟೆ ಪ್ಲೇಟಿಗಾಗಲಿ ಈ ಸೇವೆಯ ಬಾಗಿಲು ತಟ್ಟುವುದು ದುಂದು.

ನಾವು ಅವರಿಗೇ ಇನ್ನೆರಡು ಇನ್‌ಸರ್ಟ್‌ಗಳ ಆರ್ಡರ್ ಕೊಟ್ಟಿದ್ದೇವೆ. ಕುಲುಮೆಗೆ ಇಡುವ ಮೊದಲು ಪ್ರತಿಯೊಂದು ಕಾಲುವೆಯಲ್ಲೂ ನಿಮಿಷಕ್ಕೆ ಎಷ್ಟು ಗಾಳಿ ಹಾಯುತ್ತದೆ ಎಂಬುದನ್ನು ಅಳೆದು ಬರೆದು ಕೊಡಬೇಕೆಂಬ ಷರತ್ತನ್ನು ಈ ಬಾರಿ ಆರ್ಡರಿನಲ್ಲೇ ಸೇರಿಸಿದ್ದೇವೆ.