ನರಕಕ್ಕೆ ಎಷ್ಟು ಕತ್ತಲೆ ಬೇಕು? ಪ್ರೊಜೆಕ್ಷನ್ ಮ್ಯಾಪಿಂಗ್‌ನಲ್ಲಿ ಪಕ್ಕಪಕ್ಕ ಇಟ್ಟು ನೋಡಿದ ಆಯ್ಕೆಗಳು

ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಎಸೆಯಲು ಬರುವುದಿಲ್ಲ. ವಿಡಿಯೊದಲ್ಲಿ ಕಡುಗಪ್ಪು ಇದ್ದರೂ ಗೋಡೆಯ ಮೇಲೆ ಬೀಳುವುದು ಮಂಕಾದ ಬೂದು ಚೌಕ. ಪ್ರೊಜೆಕ್ಷನ್ ಮ್ಯಾಪಿಂಗ್ ಎಂದರೆ ಗೋಡೆ, ಕಟ್ಟಡದಂಥ ಮೇಲ್ಮೈಯ ಆಕಾರಕ್ಕೆ ಸರಿಯಾಗಿ ಕೂರುವಂತೆ ಚಿತ್ರ ಬಿಡುವುದು. ಅದರಲ್ಲಿ ಕಟ್ಟಡದ ಮುಂಭಾಗದ ಮೇಲೆ ಹೂಬಳ್ಳಿ ಹರಿಸುವವರಿಗೆ ಈ ಬೂದಿನಿಂದ ತೊಂದರೆಯಿಲ್ಲ. ನರಕ ಕಟ್ಟಲು ಹೊರಟವರಿಗೆ ಮಾತ್ರ ಮೊದಲು ಎದುರಾಗುವುದೇ ಈ ಬೂದು. ಮೈಸೂರಿನ ಹಳೆಯ ಗೋದಾಮೊಂದರಲ್ಲಿ ರಂಗಭೂಮಿಯ ಗೆಳೆಯರ ಜೊತೆ ಸೇರಿ ಇಂಥದೊಂದನ್ನು ಕಟ್ಟುವಾಗ ಮೇಲ್ಮೈ, ಪ್ರೊಜೆಕ್ಟರ್, ಸಾಫ್ಟ್‌ವೇರ್ ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆವು. ಯಾವುದು ಎಷ್ಟು ಕತ್ತಲೆ ಉಳಿಸಿಕೊಡುತ್ತದೆ ಎಂಬುದೇ ನನ್ನ ಅಳತೆಗೋಲು.

ಮೊದಲು ಯಾವ ನರಕ ಎಂಬುದು ಇತ್ಯರ್ಥವಾಗಬೇಕಿತ್ತು. ಕಲೆ ಓದಿದವರಿಗೆ ತಟ್ಟನೆ ನೆನಪಾಗುವುದು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ, ಹಳೆಯ ಡಚ್ ಚಿತ್ರಕಾರ ಹಿರೋನಿಮಸ್ ಬಾಷ್‌ನ ಮೂರು ಹಲಗೆಯ ಚಿತ್ರದ ಬಲಭಾಗ: ಹಿಂದೆ ಉರಿಯುವ ಊರು, ನಡುವೆ ಟೊಳ್ಳು ಮೈಯ ಮರ-ಮನುಷ್ಯ, ಎರಡು ಕಿವಿಗಳ ನಡುವೆ ಚಾಚಿದ ಚಾಕು. ಅದನ್ನು ಹಿಗ್ಗಿಸಿ ಉಬ್ಬುತಗ್ಗಿನ ಗೋಡೆಗೆ ಎಸೆದು ನೋಡಿದೆವು. ಆ ಸಣ್ಣ ಸಣ್ಣ ಆಕೃತಿಗಳು ಗೋಡೆಯ ಉಬ್ಬುಗಳಲ್ಲಿ ಕಲಸಿಹೋಗಿ ಕಣ್ಣಿಗೆ ಯಾವುದೂ ನಿಲ್ಲಲಿಲ್ಲ. ಸಪಾಟು ಪರದೆಗೆ ಅದು ಅದ್ಭುತ, ಮ್ಯಾಪಿಂಗ್‌ಗೆ ಒಗ್ಗುವುದಿಲ್ಲ. ಗರುಡ ಪುರಾಣದ ವೈತರಣಿ, ಕುಂಭೀಪಾಕಗಳು ಇದಕ್ಕಿಂತ ಚೆನ್ನಾಗಿ ಕೂತವು. ಹರಿಯುವ ರಕ್ತ, ಕುದಿಯುವ ಎಣ್ಣೆ ಎಂದರೆ ದೊಡ್ಡ ಆಕಾರ, ದೊಡ್ಡ ಚಲನೆ. ಗೋಡೆಯ ಉಬ್ಬುಗಳು ಅದಕ್ಕೆ ಸಹಾಯ ಮಾಡುತ್ತವೆ.

ಆದರೂ ನಾನು ಪಟ್ಟು ಹಿಡಿದದ್ದು ಜೈನರ ನರಕಕ್ಕೆ. ಅಲ್ಲಿ ಒಂದರ ಕೆಳಗೊಂದರಂತೆ ಏಳು: ರತ್ನಪ್ರಭೆ, ಶರ್ಕರಾಪ್ರಭೆ, ವಾಲುಕಾಪ್ರಭೆ, ಪಂಕಪ್ರಭೆ, ಧೂಮಪ್ರಭೆ, ತಮಃಪ್ರಭೆ, ಮಹಾತಮಃಪ್ರಭೆ. ಮೇಲಿನವು ಸುಡುವಂಥವು, ಕೆಳಗಿಳಿದಂತೆ ಕೊರೆಯುವ ಚಳಿ, ಕತ್ತಲೆ. ಗೋದಾಮಿನ ಬಾಗಿಲಲ್ಲಿ ಕೆಂಪು, ಒಳಗೆ ಹೋದಂತೆ ಬೆಳಕು ಆರುತ್ತ ಹೋಗಬೇಕು ಎಂಬ ನಕ್ಷೆ ಇಲ್ಲಿಂದಲೇ ಸಿಕ್ಕಿತು. ಕೊನೆಯ ಕೋಣೆಗೆ ಮಾತ್ರ ಮಹಾಭಾರತದ ಸ್ವರ್ಗಾರೋಹಣ ಪರ್ವ. ದೇವದೂತನ ಹಿಂದೆ ನಡೆದ ಧರ್ಮರಾಯನಿಗೆ ಅಲ್ಲಿ ಸಿಗುವುದು ಕತ್ತಲೆ, ದುರ್ನಾತ, ಇಲ್ಲೇ ಇರು ಎಂದು ಬೇಡುವ ದನಿಗಳು. ಯಾರು ನೀವು ಎಂದು ಕೇಳಿದಾಗ ಕರ್ಣ, ಭೀಮ, ಅರ್ಜುನ ಎಂದು ಉತ್ತರ ಬರುತ್ತದೆ. ನಾನು ಬಲ್ಲ ನರಕದ ಚಿತ್ರಣಗಳಲ್ಲೆಲ್ಲ ಇದಕ್ಕಿಂತ ಎದೆ ನಡುಗಿಸುವುದು ಇನ್ನೊಂದಿಲ್ಲ.

ಮೇಲ್ಮೈಯ ವಿಷಯದಲ್ಲಿ ಹೆಚ್ಚು ಹೊತ್ತು ಕಳೆಯಿರಿ ಎಂದು ಯಾರಿಗಾದರೂ ಹೇಳುತ್ತೇನೆ. ಥರ್ಮೋಕೋಲ್ ಹಗುರ, ಬಿಸಿ ತಂತಿಯಲ್ಲಿ ಬೆಣ್ಣೆಯಂತೆ ಕತ್ತರಿಸಬಹುದು, ಬಂಡೆಯ ಆಕಾರ ಬೇಗ ಬರುತ್ತದೆ. ಆದರೆ ಜನ ಓಡಾಡುವ ಮುಚ್ಚಿದ ಜಾಗದಲ್ಲಿ ಬೆಂಕಿ ಬೇಗ ಹತ್ತಿಕೊಳ್ಳುವ ವಸ್ತುವನ್ನು ಗೋಡೆ ತುಂಬ ಅಂಟಿಸಲು ನನಗೆ ಮನಸ್ಸು ಬರಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಂಚುಗಳು ಚೂಪು, ಚಿತ್ರ ಅದರ ಮೇಲೆ ಬಹಳ ಸ್ಪಷ್ಟ. ತೂಕ ಜಾಸ್ತಿ, ಸಾಗಿಸುವಾಗ ಬಿರುಕು ಬಿಡುತ್ತದೆ. ನೆನೆಸಿ ರುಬ್ಬಿದ ಕಾಗದಕ್ಕೆ ಅಂಟು ಕಲಸಿ ಮೆತ್ತಿದ್ದು ಒಣಗಲು ತಡವಾದರೂ ಅದರ ಒರಟು ಮೈ ಸುಟ್ಟ ಚರ್ಮದ ಹಾಗೆ ಬೆಳಕನ್ನು ಹಿಡಿಯುತ್ತದೆ. ಗೆದ್ದದ್ದು ಅದೇ.

ಅದಕ್ಕೆ ಬಳಿಯುವ ಬಣ್ಣವೂ ಅಷ್ಟೇ ಮುಖ್ಯ. ಅರ್ಧ ಗೋಡೆಗೆ ಬಿಳಿ, ಅರ್ಧಕ್ಕೆ ಹೊಳಪಿಲ್ಲದ ನಡು-ಬೂದು ಬಳಿದು ಒಂದೇ ವಿಡಿಯೊ ಹಾಕಿದೆವು. ಬಿಳಿ ಭಾಗದ ಬೆಂಕಿ ಥಳಥಳ ಹೊಳೆಯುತ್ತಿತ್ತು, ನಿಜ. ಆದರೆ ಅದರ ಬೆಳಕು ಉಬ್ಬಿನಿಂದ ಉಬ್ಬಿಗೆ ಪುಟಿದು ಗುಳಿಗಳ ಒಳಗೆಲ್ಲ ಸೇರಿತ್ತು. ಎದುರು ಗೋಡೆ, ಮಾಡು, ನಮ್ಮ ಮುಖಗಳು ಸಹ ಕಾಣುತ್ತಿದ್ದವು. ಬೂದು ಭಾಗದಲ್ಲಿ ಜ್ವಾಲೆ ಸ್ವಲ್ಪ ಮಂಕು, ಗುಳಿಗಳು ಮಾತ್ರ ಗುಳಿಗಳಾಗಿಯೇ ಉಳಿದವು. ಬೂದು ಬಳಿಯಿರಿ, ಅಕ್ಕಪಕ್ಕದ ಗೋಡೆ ಮತ್ತು ನೆಲಕ್ಕೆ ಕಪ್ಪು ಹೊದಿಸಿ.

ಅಸಿಪತ್ರವನಕ್ಕೆ, ಅಂದರೆ ಕತ್ತಿಯೆಲೆಗಳ ಕಾಡಿಗೆ, ಬಟ್ಟೆ ಬೇಕಿತ್ತು. ಸೊಳ್ಳೆಪರದೆಯ ಬಟ್ಟೆಯಲ್ಲಿ ಚಿತ್ರ ಗಾಳಿಯಲ್ಲಿ ತೇಲುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಬೆಳಕು ತೂರಿಹೋಗಿ ಹಿಂದಿನ ಗೋಡೆಯ ಮೇಲೆ ಅದೇ ಚಿತ್ರ ಮತ್ತೆ ಮೂಡುತ್ತದೆ. ಮಲ್ ಬಟ್ಟೆಯನ್ನು ಉದ್ದುದ್ದ ಪಟ್ಟಿಯಾಗಿ ಹರಿದು ಮಾಡಿನಿಂದ ಇಳಿಬಿಟ್ಟು ಕೆಳಗೊಂದು ಟೇಬಲ್ ಫ್ಯಾನ್ ಇಟ್ಟಾಗ ಕೆಲಸವಾಯಿತು. ಪಟ್ಟಿ ತಿರುಗಿದಾಗಲೆಲ್ಲ ಅಲಗಿನ ಬೆಳಕು ಒಮ್ಮೆ ಅಗಲ, ಒಮ್ಮೆ ಗೆರೆಯಷ್ಟು ಸಣ್ಣ. ಅನಿಮೇಷನ್‌ನಲ್ಲಿ ಎಷ್ಟು ತಿದ್ದಿದರೂ ಆ ಚಲನೆ ಬರುವುದಿಲ್ಲ.

ಪ್ರೊಜೆಕ್ಟರ್‌ಗಳಲ್ಲಿ ಬಾಡಿಗೆಗೆ ಸುಲಭವಾಗಿ ಸಿಗುವುದು ಎರಡು ಜಾತಿ. ಆಫೀಸಿಗೆಂದು ಮಾಡಿದ, ಒಂದೇ ಚಿಪ್‌ನ ಮೇಲಿನ ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿಗಳಲ್ಲಿ ಕಪ್ಪು ತಕ್ಕಮಟ್ಟಿಗೆ ಚೆನ್ನ. ಆದರೆ ಬೆಳಕಿಗೆ ಬಣ್ಣ ಕೊಡುವ ಅವುಗಳ ತಿರುಗು ಚಕ್ರದಲ್ಲಿ ಬಿಳಿಯ ಭಾಗವೂ ಇರುವುದರಿಂದ ಡಬ್ಬದ ಮೇಲೆ ಬರೆದ ಲ್ಯೂಮೆನ್ಸ್, ಅಂದರೆ ಬೆಳಕಿನ ಅಳತೆ, ಬಿಳಿಗೆ ಮಾತ್ರ ಸಲ್ಲುತ್ತದೆ, ಕೆಂಪು ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಮೂರು ಎಲ್‌ಸಿಡಿ ಫಲಕದವುಗಳಲ್ಲಿ ಕೆಂಪು ಕೆಂಪಾಗಿಯೇ ಇರುತ್ತದೆ, ಬೂದು ಚೌಕವೂ ಎದ್ದು ಕಾಣುತ್ತದೆ. ಹಾಗಾಗಿ ಸುಡುವ ನರಕಗಳಿಗೆ ಎಲ್‌ಸಿಡಿ, ಕತ್ತಲೆಯವುಗಳಿಗೆ ಡಿಎಲ್‌ಪಿ ಎಂದು ಹಂಚಿಕೊಂಡೆವು. ಒಂದನ್ನೇ ತರಬೇಕೆಂದಿದ್ದರೆ ಡಿಎಲ್‌ಪಿ ತರುತ್ತಿದ್ದೆ.

ದೂರದ ಲೆಕ್ಕ: ಥ್ರೋ ಅನುಪಾತ, ಅಂದರೆ ಗೋಡೆಯಿಂದಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ್ದು, 1.5 ಇದ್ದರೆ 12 ಅಡಿ ಅಗಲದ ಚಿತ್ರಕ್ಕೆ 18 ಅಡಿ ಹಿಂದೆ ಸರಿಯಬೇಕು, 0.5 ಇದ್ದರೆ 6 ಅಡಿ ಸಾಕು. ಜನರ ನೆರಳು ಬೀಳದಿರಲೆಂದು ಹತ್ತಿರದಿಂದಲೇ ದೊಡ್ಡ ಚಿತ್ರ ಬಿಡುವ ಶಾರ್ಟ್ ಥ್ರೋ ತರುವ ಆಸೆ ಎಲ್ಲರಿಗೂ ಆಗುತ್ತದೆ. ಉಬ್ಬುಗೋಡೆಗೆ ಅದು ಬೇಡ. ಬೆಳಕು ತೀರಾ ಓರೆಯಾಗಿ ಬಂದು ಪ್ರತಿ ಉಬ್ಬಿನ ಹಿಂದೆಯೂ ಚಿತ್ರ ತಲುಪದ ನೆರಳು ಬೀಳುತ್ತದೆ. ಮಾಮೂಲು ಲೆನ್ಸಿನದನ್ನು ತೊಲೆಗೆ ಕಟ್ಟಿ ಮೇಲಿನಿಂದ ಬಿಟ್ಟರೆ ಎರಡೂ ಕಾಟ ಕಡಿಮೆ. ಓರೆಯಾದ ಚಿತ್ರವನ್ನು ನೆಟ್ಟಗೆ ಮಾಡುವ ಪ್ರೊಜೆಕ್ಟರ್‌ನ ಕೀಸ್ಟೋನ್ ಸೌಲಭ್ಯವನ್ನು ಮುಟ್ಟದೆ ಸಾಫ್ಟ್‌ವೇರ್‌ನಲ್ಲೇ ತಿದ್ದಿಕೊಳ್ಳಿ.

ಸಾಫ್ಟ್‌ವೇರ್ ಬಗ್ಗೆ ಜನ ಮಾಡುವಷ್ಟು ವಾದ ನನಗೆ ಬೇಕೆನಿಸುವುದಿಲ್ಲ. ಮ್ಯಾಡ್‌ಮ್ಯಾಪರ್‌ನಲ್ಲಿ ಮೂಲೆಗಳನ್ನು ಹಿಡಿದೆಳೆದು ಗೋಡೆಗೆ ಕೂರಿಸುವುದು ತುಂಬ ಸಲೀಸು. ರೆಸೊಲ್ಯೂಮ್‌ನಲ್ಲಿ ಮ್ಯಾಪಿಂಗ್ ಬೇಕಾದರೆ ಅರೀನಾ ಆವೃತ್ತಿಯೇ ಆಗಬೇಕು. ಸಂಗೀತದ ಜೊತೆ ಕೈಯಾರೆ ನುಡಿಸುವವರಿಗೆ ಅದು ಸೊಗಸು, ದಿನವಿಡೀ ತಾನೇ ಓಡಬೇಕಾದ ಕೃತಿಗೆ ಅಷ್ಟೆಲ್ಲ ಬೇಕಿಲ್ಲ. ಟಚ್‌ಡಿಸೈನರ್ ಕಲಿಯಲು ಕಷ್ಟ. ಉಚಿತ ಆವೃತ್ತಿಯ ಚಿತ್ರ 1280 x 1280 ಪಿಕ್ಸೆಲ್ ದಾಟುವುದಿಲ್ಲ, ವ್ಯಾಪಾರಕ್ಕೆ ಬಳಸುವಂತೆಯೂ ಇಲ್ಲ. ಆದರೆ ವೈತರಣಿಯ ಅಲೆಯನ್ನು ರೆಕಾರ್ಡ್ ಮಾಡಿದ ವಿಡಿಯೊ ಆಗಿಸದೆ, ನೋಡುಗ ಹತ್ತಿರ ಬಂದಾಗ ಏಳುವಂತೆ ಮಾಡಲು ಅದೇ ಸರಿಯಾದ ಸಲಕರಣೆ.

ಹೊಗೆ ಯಂತ್ರ ಬೇಡವೆಂದೇ ನನ್ನ ಮಾತು. ಹೊಗೆಯಲ್ಲಿ ಬೆಳಕಿನ ಕಿರಣವೇ ಕಾಣಿಸಿಕೊಂಡು ಕಣ್ಣು ಪ್ರೊಜೆಕ್ಟರ್ ಕಡೆ ಓಡುತ್ತದೆ. ಧೂಮಪ್ರಭೆಯ ಹೊಗೆಯನ್ನು ಗೋಡೆಯ ಮೇಲೆ ಚಿತ್ರವಾಗಿಯೇ ತೋರಿಸಿದೆವು.

ಕೊನೆಯ ಕೋಣೆಯಲ್ಲಿ ದನಿ ಮಾತ್ರ. ಹೆಡ್‌ಫೋನ್ ಕೊಟ್ಟರೆ ದನಿ ತಲೆಯೊಳಗೆ ಕೂರುತ್ತದೆ. ಮೂಲೆಮೂಲೆಗೆ ಸಣ್ಣ ಸ್ಪೀಕರ್ ಇಟ್ಟರೆ ಕತ್ತಲೆಯೊಳಗಿನಿಂದ ಬರುತ್ತದೆ, ಜನ ತಿರುಗಿ ಹುಡುಕುತ್ತಾರೆ. ಹಾಗಾಗಿ ಸ್ಪೀಕರ್. ದನಿ ಶುರುವಾಗುವ ಮೊದಲು ಅಲ್ಲಿಯ ಚಿತ್ರ ಪೂರ್ತಿ ಆರಬೇಕಿತ್ತು. ಬರೀ ಕಪ್ಪು ವಿಡಿಯೊ ಹಾಕಿದರೆ ಮತ್ತೆ ಅದೇ ಬೂದು. ರಿಮೋಟಿನ ಮ್ಯೂಟ್ ಗುಂಡಿಯನ್ನೂ ನೋಡಿದೆವು. ಒಳಗೆ ಮುಚ್ಚಳವಿಲ್ಲದ ಪ್ರೊಜೆಕ್ಟರ್‌ನಲ್ಲಿ ಅದರಿಂದಲೂ ಬೆಳಕು ಸೋರುತ್ತದೆ. ಕಡೆಗೆ ಹೇಳಿದಷ್ಟೇ ಕೋನ ತಿರುಗುವ ಸಣ್ಣ ಸರ್ವೋ ಮೋಟಾರಿಗೆ ತಗಡಿನ ತುಂಡು ಕಟ್ಟಿ ಲೆನ್ಸಿನ ಮುಂದೆ ಇಳಿಸಿದೆವು. ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ ಮೂಲಕ ಟಚ್‌ಡಿಸೈನರ್ ಅದನ್ನು ನಡೆಸುತ್ತದೆ. ರಟ್ಟಾದರೆ ಬಿಸಿಗೆ ಸೊಟ್ಟಗಾಗುತ್ತದೆ, ತಗಡೇ ಇರಲಿ. ಒಳಮೈಗೆ ಹೊಳಪಿಲ್ಲದ ಕಪ್ಪು ಬಳಿಯಿರಿ, ಲೆನ್ಸಿನಿಂದ ಒಂದೆರಡು ಇಂಚು ದೂರ ಬಿಡಿ.