ಹಳೆಯ ಫ್ಲಾಪಿ ಡ್ರೈವ್‌ಗೆ ಗೋಟೆಕ್ಕೋ, ಗ್ರೀಸ್‌ವೀಸಲ್ಲೋ?

ಹಳೆಯ ಕಂಪ್ಯೂಟರ್ ಬೂಟ್ ಆದರೆ ಸಾಕು ಎನ್ನುವವರಿಗೆ ಗೋಟೆಕ್, ಅಂದರೆ ಫ್ಲಾಪಿ ಡ್ರೈವಿನಂತೆಯೇ ವರ್ತಿಸುವ ಸಾಧನ. ಡ್ರೈವ್ ಬಿಚ್ಚಿ ಅದೇ ಜಾಗದಲ್ಲಿ ಕೂರಿಸಿ, ಅದೇ 34 ಪಿನ್ನಿನ ಕೇಬಲ್ ಸಿಕ್ಕಿಸಿ. ಡಿಸ್ಕಿನ ಬದಲು ಪೆನ್‌ಡ್ರೈವ್‌ನಲ್ಲಿರುವ ಇಮೇಜ್ ಫೈಲ್ (ಇಡೀ ಡಿಸ್ಕಿನ ನಕಲು) ಓದುತ್ತದೆ. ಜೊತೆಗೆ ಬರುವ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಬೇಡ, ಅದರ ಬದಲು ಫ್ಲ್ಯಾಶ್‌ಫ್ಲಾಪಿ ಎಂಬ ಫರ್ಮ್‌ವೇರ್ ಹಾಕಿ. ಜನ ಎಡವುವುದು ಜಂಪರ್‌ನಲ್ಲಿ, ಅಂದರೆ ಡ್ರೈವಿನ ಸಂಖ್ಯೆ ಆರಿಸಲು ಪಿನ್ನುಗಳ ಮೇಲೆ ಸಿಕ್ಕಿಸುವ ಪುಟ್ಟ ಕ್ಲಿಪ್ಪಿನಲ್ಲಿ: ನಡುವೆ ತಿರುಚಿದ ಕೇಬಲ್ಲಿರುವ ಪಿಸಿಗೆ ಎಸ್1 ಜಾಗ, ಅಮಿಗಾ ಎಂಬ ಹಳೆಯ ಕಂಪ್ಯೂಟರಿನ ಒಳಡ್ರೈವಿಗೆ ಎಸ್0. ಪಿಸಿಯಲ್ಲಿ ಇಮೇಜ್ ಬದಲಿಸಿದರೂ ಹಿಂದಿನ ಡಿಸ್ಕಿನ ಪಟ್ಟಿಯೇ ಕಂಡರೆ 34ನೇ ಪಿನ್ನಿನಲ್ಲಿ 'ಡಿಸ್ಕ್ ಬದಲಾಯಿತು' ಎಂಬ ಸಂಕೇತ ಹೋಗುತ್ತಿಲ್ಲ ಎಂದರ್ಥ. ಫ್ಲ್ಯಾಶ್‌ಫ್ಲಾಪಿಯ ಸೆಟ್ಟಿಂಗಿನಲ್ಲಿ ಇಂಟರ್‌ಫೇಸನ್ನು (ಯಾವ ಪಿನ್ನಿಗೆ ಯಾವ ಸಂಕೇತ ಎಂಬ ಪದ್ಧತಿ) ಶುಗಾರ್ಟ್‌ನಿಂದ ಐಬಿಎಂ ಪಿಸಿಗೆ ಬದಲಿಸಿ.

ಗ್ರೀಸ್‌ವೀಸಲ್ ಇದಕ್ಕೆ ಉಲ್ಟಾ. ಅಸಲಿ ಡ್ರೈವನ್ನು ಯುಎಸ್‌ಬಿ ಮೂಲಕ ಇಂದಿನ ಕಂಪ್ಯೂಟರಿಗೆ ಜೋಡಿಸಿ, ಡಿಸ್ಕಿನ ಕಾಂತೀಯ ಬದಲಾವಣೆಗಳನ್ನೇ ದಾಖಲಿಸುತ್ತದೆ. ಹಾಗಾಗಿ ಅಮಿಗಾ ಡಿಸ್ಕೂ ಮಾಮೂಲಿ ಪಿಸಿ ಡ್ರೈವಿನಲ್ಲೇ ಓದಬರುತ್ತದೆ. 3.5 ಇಂಚಿನ ಡ್ರೈವಿಗೆ ಸಾಮಾನ್ಯವಾಗಿ 5 ವೋಲ್ಟ್ ಸಾಕು, 5.25 ಇಂಚಿನದಕ್ಕೆ 12 ವೋಲ್ಟೂ ಬೇಕು, ಪ್ರತ್ಯೇಕ ಪವರ್ ಸಪ್ಲೈ ಇಡಿ. ಡ್ರೈವಿನ ದೀಪ ಆರದೇ ಉರಿಯುತ್ತಿದ್ದರೆ ಕೇಬಲ್ ತಿರುಗುಮುರುಗಾಗಿದೆ, ಅಷ್ಟೇ. ಬೂಷ್ಟು ಹಿಡಿದ ಡಿಸ್ಕನ್ನು ಮಾತ್ರ ಹಾಗೇ ತುರುಕಬೇಡಿ: ಡ್ರೈವಿನಲ್ಲಿ ಡಿಸ್ಕ್ ಓದುವ ಹೆಡ್ಡಿಗೆ ಮೆತ್ತಿದ ಕೊಳೆ ಮುಂದಿನ ಡಿಸ್ಕನ್ನೂ ಗೀರುತ್ತದೆ. ಆಗಾಗ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹೆಡ್ ಒರೆಸಿ.

ಪೆಟ್ಟಿಗೆ ತುಂಬ ಹಳೆಯ ಡಿಸ್ಕುಗಳಿದ್ದರೆ ಮೊದಲು ಗ್ರೀಸ್‌ವೀಸಲ್ ಕೊಳ್ಳಿ. ಗೋಟೆಕ್ ಆಮೇಲೆ ಬಂದರೂ ನಡೆದೀತು.